ಲೆಬನಾನ್, ಕಾನ್ಸಸ್: ಅಮೆರಿಕದ ನಟ್ಟನಡುವಿನ ಪುಟ್ಟ ಊರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾನ್ಸಸ್ ರಾಜ್ಯದ ವಿಚಿಟಾದಲ್ಲಿ ಕೆಲಸಕ್ಕಿದ್ದೇನೆ. ವಿಜಯಪುರದಿಂದ ಅಪ್ಪ ಬಂದಿದ್ದಾಗ ಅಕ್ಟೋಬರ್‌ನ ಒಂದು ಶನಿವಾರ ಕಾರಿನಲ್ಲಿ ಮೂರು ತಾಸಿಗೂ ಜಾಸ್ತಿ ಓಡಿಸಿಕೊಂಡು ಅವರನ್ನು ಲೆಬನಾನ್‌ಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವರದು ಪ್ರಶ್ನೆಯೋ ಪ್ರಶ್ನೆ. ಆಮೇಲೆ ಫೋಟೋ ನೋಡಿದ ನೆಂಟರು, ಗೆಳೆಯರು ಕೂಡ ಹೆಚ್ಚುಕಡಿಮೆ ಅವನ್ನೇ ಕೇಳಿದರು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಲೆಬನಾನ್ ಎಲ್ಲಿದೆ?

ಕಾನ್ಸಸ್ ರಾಜ್ಯದ ಉತ್ತರ ಅಂಚಿನಲ್ಲಿ, ಸ್ಮಿತ್ ಕೌಂಟಿಯಲ್ಲಿ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕಿನಂಥ ಆಡಳಿತದ ಭಾಗ. ಅದರ ಕೇಂದ್ರ ಸ್ಮಿತ್ ಸೆಂಟರ್, ಲೆಬನಾನ್‌ನಿಂದ ಪಶ್ಚಿಮಕ್ಕೆ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಉತ್ತರಕ್ಕೆ ಇನ್ನೊಂದು ಇಪ್ಪತ್ತು ಕಿಲೋಮೀಟರ್ ಹೋದರೆ ನೆಬ್ರಾಸ್ಕಾ ರಾಜ್ಯ ಶುರು.

ಉತ್ತರಕ್ಕೆ ರಿಪಬ್ಲಿಕನ್ ನದಿ, ದಕ್ಷಿಣಕ್ಕೆ ಸಾಲಮನ್ ನದಿ, ಎರಡರ ನಡುವೆ ಈ ಊರು. ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರ. ಕಾನ್ಸಸ್ ಅಂದರೆ ತಟ್ಟೆಯ ಹಾಗೆ ಮಟ್ಟಸ ಅಂತ ಎಲ್ಲರೂ ಹೇಳುತ್ತಾರೆ. ಈ ಭಾಗಕ್ಕೆ ಅದು ಹೊಂದುವುದಿಲ್ಲ. ನೆಲ ಮೆಲ್ಲಗೆ ಏಳುತ್ತದೆ, ಮೆಲ್ಲಗೆ ಇಳಿಯುತ್ತದೆ. ಒಂದು ದಿಬ್ಬ ಹತ್ತಿದರೆ ಮುಂದಿನ ದಿಬ್ಬ ಕಾಣುತ್ತದೆ. ಮರಗಳು ಹಳ್ಳದ ದಂಡೆಯಲ್ಲಿ ಮತ್ತು ಮನೆಗಳ ಸುತ್ತ ಮಾತ್ರ. ಉಳಿದದ್ದೆಲ್ಲ ಹೊಲ, ಹುಲ್ಲುಗಾವಲು ಮತ್ತು ಆಕಾಶ.

ಊರಿನಲ್ಲಿ ಎಷ್ಟು ಜನ ಇದ್ದಾರೆ?

2020ರ ಜನಗಣತಿಯಲ್ಲಿ 178. ಅದಕ್ಕೂ ಹಿಂದಿನ 2010ರ ಎಣಿಕೆಯಲ್ಲಿ 218, 2000ದಲ್ಲಿ 303. ಇಪ್ಪತ್ತೇ ವರ್ಷದಲ್ಲಿ ಐದು ಜನರಲ್ಲಿ ಇಬ್ಬರು ಕಡಿಮೆಯಾದರು ಅಂದಹಾಗೆ. ಊರಿನ ವಿಸ್ತೀರ್ಣ ಒಂದು ಚದರ ಕಿಲೋಮೀಟರ್‌ಗೂ ಕಡಿಮೆ. ಅಷ್ಟು ಚಿಕ್ಕ ಜಾಗದಲ್ಲೂ ಮನೆಗಳ ನಡುವೆ ಎಷ್ಟೋ ಖಾಲಿ ನಿವೇಶನಗಳು ಕಾಣುತ್ತವೆ.

ಊರಿನ ಲೆಕ್ಕಕ್ಕಿಂತ ಇಡೀ ಕೌಂಟಿಯ ಲೆಕ್ಕ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಸ್ಮಿತ್ ಕೌಂಟಿಯಲ್ಲಿ 1900ರಲ್ಲಿ 16 ಸಾವಿರಕ್ಕೂ ಜಾಸ್ತಿ ಜನ ಇದ್ದರು. 2020ರಲ್ಲಿ ಉಳಿದವರು ಸುಮಾರು ಮೂರೂವರೆ ಸಾವಿರ. ಕೌಂಟಿಯ ವಿಸ್ತೀರ್ಣ 2,300 ಚದರ ಕಿಲೋಮೀಟರ್‌ಗೂ ಹೆಚ್ಚು. ಅಂದರೆ ಒಂದು ಚದರ ಕಿಲೋಮೀಟರ್‌ಗೆ ಇಬ್ಬರೂ ಸಿಗುವುದಿಲ್ಲ.

178 ಅಂದರೆ ಲೆಕ್ಕ ಹಾಕಿ ಸರಿಯಾಗಿ 178 ಜನವೇ?

ಒಳ್ಳೆಯ ಪ್ರಶ್ನೆ. ಉತ್ತರ ಸ್ವಲ್ಪ ಆಶ್ಚರ್ಯದ್ದು: ಇರಲೇಬೇಕು ಅಂತೇನಿಲ್ಲ.

ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ಜನಗಣತಿ ನಡೆಯುತ್ತಿದೆ. ಅದು ಸಂವಿಧಾನದಲ್ಲೇ ಬರೆದಿರುವ ಕೆಲಸ. ಜನ ಕೊಟ್ಟ ವಿವರವನ್ನು ಗುಟ್ಟಾಗಿಡಬೇಕು ಅಂತಲೂ ಕಾನೂನಿದೆ. ದೊಡ್ಡ ನಗರದಲ್ಲಿ ಇದು ಕಷ್ಟವಲ್ಲ. ಆದರೆ ಒಂದು ಓಣಿಯಲ್ಲಿ ನಾಲ್ಕೇ ಮನೆ ಇದ್ದರೆ? ಪ್ರಕಟವಾದ ಅಂಕಿಯನ್ನು ನೋಡಿಯೇ ಯಾರ ಮನೆಯಲ್ಲಿ ಎಷ್ಟು ಜನ, ಯಾವ ವಯಸ್ಸಿನವರು ಅಂತ ಯಾರು ಬೇಕಾದರೂ ಊಹಿಸಬಹುದು. ಅದಕ್ಕೇ 2020ರಲ್ಲಿ ಗಣತಿ ಇಲಾಖೆ ಒಂದು ಹೊಸ ವಿಧಾನ ತಂದಿತು. ರಾಜ್ಯದ ಒಟ್ಟು ಜನಸಂಖ್ಯೆಯನ್ನು ಇದ್ದ ಹಾಗೇ ಬಿಟ್ಟು, ಅದಕ್ಕಿಂತ ಚಿಕ್ಕ ಜಾಗಗಳ ಅಂಕಿಗಳಲ್ಲಿ ಬೇಕಂತಲೇ ಒಂಚೂರು ಹೆಚ್ಚುಕಡಿಮೆ ಬೆರೆಸಿತು.

ಹಾಗಾಗಿ ಲೆಬನಾನ್‌ನಂಥ ಊರಿನ ಅಂಕಿಯಲ್ಲಿ ನಾಲ್ಕಾರು ಜನ ಆಚೀಚೆ ಇದ್ದರೆ ಅದು ಎಣಿಸುವವರ ತಪ್ಪಲ್ಲ. 218ರಿಂದ 178ಕ್ಕೆ ಇಳಿದದ್ದು ಮಾತ್ರ ಈ ಬೆರಕೆಯಿಂದಾದದ್ದಲ್ಲ, ಅದು ನಿಜವಾದ ಇಳಿಕೆ.

ಇಷ್ಟೇ ಜನ ಇದ್ದರೂ ದಾಖಲೆಗಳಲ್ಲಿ "ಸಿಟಿ" ಅಂತ ಯಾಕಿದೆ?

ಕಾನ್ಸಸ್ ಕಾನೂನಿನ ಪ್ರಕಾರ ಸ್ವಂತ ಆಡಳಿತ ಇರುವ ಊರುಗಳೆಲ್ಲ ಸಿಟಿಗಳೇ. ಜನ ಎಷ್ಟಿದ್ದಾರೆ ಅನ್ನುವುದರ ಮೇಲೆ ಮೊದಲ, ಎರಡನೇ, ಮೂರನೇ ದರ್ಜೆ ಅಂತ ಭಾಗ ಮಾಡಿದ್ದಾರೆ. ಲೆಬನಾನ್ ಮೂರನೇ ದರ್ಜೆಯದು.

ಈ ಊರು ಅಮೆರಿಕದ ನಟ್ಟನಡುವೆ ಇದೆ ಅಂತ ಹೇಗೆ ಕಂಡುಹಿಡಿದರು?

ರಟ್ಟಿನಿಂದ! 1918ರಲ್ಲಿ ಅಮೆರಿಕದ ಕರಾವಳಿ ಮತ್ತು ಭೂಮಾಪನ ಇಲಾಖೆ ದೇಶದ ನಕ್ಷೆಯನ್ನು ರಟ್ಟಿನ ಮೇಲೆ ಅಂಚು ಬಿಡದೆ ಕತ್ತರಿಸಿ, ಅದು ಯಾವ ಬಿಂದುವಿನ ಮೇಲೆ ಅತ್ತಿತ್ತ ವಾಲದೆ ನಿಲ್ಲುತ್ತದೆ ಅಂತ ನೋಡಿತು. ಬೆರಳ ತುದಿಯ ಮೇಲೆ ತಟ್ಟೆ ನಿಲ್ಲಿಸುತ್ತೇವಲ್ಲ, ಅದೇ ತತ್ವ. ಸಿಕ್ಕ ಬಿಂದು 39 ಡಿಗ್ರಿ 50 ನಿಮಿಷ ಉತ್ತರ, 98 ಡಿಗ್ರಿ 35 ನಿಮಿಷ ಪಶ್ಚಿಮ. ಅದು ಬಿದ್ದದ್ದು ಲೆಬನಾನ್‌ನ ವಾಯವ್ಯಕ್ಕೆ, ಊರಿನಿಂದ ಒಂದೆರಡು ಮೈಲಿ ಆಚೆ.

ಅಪ್ಪ ಇದನ್ನು ಕೇಳಿ ನಂಬಲೇ ಇಲ್ಲ. "ಸರ್ಕಾರದವರು ರಟ್ಟು ಹಿಡಕೊಂಡು ಕೂತಿದ್ರೇನೋ?" ಅಂದರು. ಆದರೆ ಇದರಲ್ಲಿ ನಗುವಂಥದ್ದೇನಿಲ್ಲ. ಅಂಕುಡೊಂಕಾದ ಆಕಾರದ ನಡುಬಿಂದು ಹುಡುಕಲು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ಹತ್ತಿಪ್ಪತ್ತು ಮೈಲಿ ಆಚೀಚೆ ಆಗಬಹುದು, ಅಷ್ಟೆ. ಭೂಮಿ ದುಂಡಗಿದೆ, ರಟ್ಟು ಚಪ್ಪಟೆ. ಕರಾವಳಿಯ ಅಂಚು ಎಲ್ಲಿ ಮುಗಿಯುತ್ತದೆ ಅನ್ನುವುದೂ ಗಟ್ಟಿ ಇಲ್ಲ. ದೇಶದ ನಡುಬಿಂದು ಅನ್ನುವುದಕ್ಕೆ ಎಲ್ಲರೂ ಒಪ್ಪುವ ಒಂದೇ ಲೆಕ್ಕ ಇಲ್ಲವೇ ಇಲ್ಲ.

ಸ್ಮಾರಕದ ಕಲ್ಲು ಸರಿಯಾಗಿ ಆ ಬಿಂದುವಿನ ಮೇಲೇ ಇದೆಯಾ?

ಇಲ್ಲ. ಆ ಬಿಂದು ಬಿದ್ದದ್ದು ಒಬ್ಬ ರೈತರು ಹಂದಿ ಸಾಕುತ್ತಿದ್ದ ಜಾಗದಲ್ಲಿ. ಪ್ರವಾಸಿಗರು ಬಂದು ಹೊಲ ತುಳಿಯುವುದು ಯಾರಿಗೆ ಇಷ್ಟ? ಹಾಗಾಗಿ ಸುಮಾರು ಅರ್ಧ ಮೈಲಿ ದೂರದ ದಿಬ್ಬದ ಮೇಲೆ ಸ್ಮಾರಕ ಕಟ್ಟಿದರು. ಊರಿನವರದೇ ಆದ ಹಬ್ ಕ್ಲಬ್ ಅನ್ನುವ ಸಂಘ ಮುಂದೆ ನಿಂತು ಮಾಡಿಸಿದ ಕೆಲಸ ಇದು. ಅದರ ಮೇಲೆ ಬರೆದಿರುವ ದಿನಾಂಕ 1940ರ ಏಪ್ರಿಲ್ 25. ಕಲ್ಲು ಕಟ್ಟಿದ ಚಿಕ್ಕ ಕಟ್ಟೆ, ಅದಕ್ಕೆ ಒಂದು ಫಲಕ, ಮೇಲೆ ಧ್ವಜದ ಕಂಬ. ಪಕ್ಕದಲ್ಲಿ ಬೆರಳೆಣಿಕೆಯ ಜನ ಕೂರುವಷ್ಟು ಪುಟ್ಟದೊಂದು ಬಿಳಿ ಚಾಪೆಲ್, ಅಂದರೆ ಪ್ರಾರ್ಥನೆಯ ಮನೆ. 2021ರಲ್ಲಿ ಆ ಚಾಪೆಲ್ ಒಂದು ಕಾರಿನ ಟೀವಿ ಜಾಹೀರಾತಿನಲ್ಲಿ ಬಂದ ಮೇಲೆ ದೇಶದ ತುಂಬ ಜನ ಅದನ್ನು ಗುರುತಿಸತೊಡಗಿದರು.

ಫಲಕದ ಮೇಲಿರುವ "ಸೆಕ್ಷನ್ 32, ಟೌನ್‌ಶಿಪ್ 2 ದಕ್ಷಿಣ, ರೇಂಜ್ 11 ಪಶ್ಚಿಮ" ಅಂದರೇನು?

ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಆ ಒಂದು ಸಾಲು ಅರ್ಥವಾದರೆ ಈ ಸೀಮೆಯ ಭೂಗೋಳವೇ ಅರ್ಥವಾಗುತ್ತದೆ. ಫಲಕದಲ್ಲಿ ಅದು ಮೊದಲಕ್ಷರಗಳಲ್ಲಿ ಮಾತ್ರ ಇದೆ, ಹಾಗಾಗಿ ಹೆಚ್ಚಿನವರು ಫೋಟೋ ತೆಗೆದು ಮುಂದೆ ಹೋಗಿಬಿಡುತ್ತಾರೆ.

ನಮ್ಮ ಹೊಲಗಳಿಗೆ ಸರ್ವೆ ನಂಬರ್ ಇರುತ್ತದಲ್ಲ, ಇದು ಅಂಥದ್ದೇ. ಆದರೆ ನಮ್ಮಲ್ಲಿ ಹೊಲ ಮೊದಲು, ಸರ್ವೆ ಆಮೇಲೆ. ಹಳ್ಳ ಹರಿದ ಕಡೆ, ಬದು ಇದ್ದ ಕಡೆ ಗಡಿ. ಇಲ್ಲಿ ತಿರುಗುಮುರುಗು. ಜನ ಬಂದು ನೆಲೆಸುವ ಮೊದಲೇ ಸರ್ಕಾರ ನೆಲದ ಮೇಲೆ ಚೌಕಾಬಾರದ ಮನೆಗಳ ಹಾಗೆ ಗೆರೆ ಎಳೆದುಬಿಟ್ಟಿತ್ತು. ಅಡ್ಡಗೆರೆ 40 ಡಿಗ್ರಿ ಉತ್ತರ ಅಕ್ಷಾಂಶ, ಕಾನ್ಸಸ್-ನೆಬ್ರಾಸ್ಕಾ ಗಡಿಯೂ ಅದೇ. ಉದ್ದಗೆರೆ ಪೂರ್ವಕ್ಕಿರುವ ಆರನೇ ಪ್ರಧಾನ ಮಧ್ಯಾಹ್ನ ರೇಖೆ. ಈ ಎರಡು ಗೆರೆಗಳಿಂದ ಆರಾರು ಮೈಲಿಗೆ ಒಂದೊಂದು ಚೌಕ. ಅದು ಟೌನ್‌ಶಿಪ್. ಪ್ರತಿ ಚೌಕದೊಳಗೆ ಒಂದು ಚದರ ಮೈಲಿಯ 36 ತುಂಡುಗಳು. ಒಂದೊಂದು ತುಂಡೂ ಒಂದು ಸೆಕ್ಷನ್, 640 ಎಕರೆ.

ಈಗ ಫಲಕ ಓದಿ. "ಟೌನ್‌ಶಿಪ್ 2 ದಕ್ಷಿಣ": ಗಡಿಯಿಂದ ದಕ್ಷಿಣಕ್ಕೆ ಎರಡನೇ ಚೌಕ, ಅಂದರೆ 6ರಿಂದ 12 ಮೈಲಿ ಒಳಗೆ. "ರೇಂಜ್ 11 ಪಶ್ಚಿಮ": ಉದ್ದಗೆರೆಯಿಂದ ಪಶ್ಚಿಮಕ್ಕೆ ಹನ್ನೊಂದನೇ ಚೌಕ. ಸೆಕ್ಷನ್ 32 ಆ ಚೌಕದ ಕೊನೇ ಸಾಲಿನಲ್ಲಿದೆ. ನಂಬರ್ ಹಾಕುವ ಕ್ರಮವೂ ಚೆಂದ. ಈಶಾನ್ಯ ಮೂಲೆಯಲ್ಲಿ 1 ಶುರುವಾಗಿ ಎಡಕ್ಕೆ ಹೋಗುತ್ತದೆ, ಮುಂದಿನ ಸಾಲು ಬಲಕ್ಕೆ, ಅದರ ಮುಂದಿನದು ಮತ್ತೆ ಎಡಕ್ಕೆ. ಎತ್ತು ಹೂಡಿ ಹೊಲ ಉಳುವವನು ಸಾಲಿನ ತುದಿಯಲ್ಲಿ ತಿರುಗಿಸಿಕೊಳ್ಳುವ ಹಾಗೆ. ಅಪ್ಪನಿಗೆ ಚೀಟಿಯ ಮೇಲೆ ಬರೆದು ತೋರಿಸಿದಾಗ ಕೂಡಲೇ ತಿಳಿಯಿತು. ಅವರೇ ಪೆನ್ನು ತೆಗೆದುಕೊಂಡು 36ರ ತನಕ ತುಂಬಿದರು.

ಈ ಗೆರೆಗಳು ಈಗಲೂ ಕಣ್ಣಿಗೆ ಕಾಣುತ್ತವೆ. ಮೈಲಿಗೊಂದರಂತೆ ಮಣ್ಣಿನ ರಸ್ತೆ, ಕಡ್ಡಿ ಇಟ್ಟ ಹಾಗೆ ನೇರ. ವಿಮಾನದಲ್ಲಿ ಕಾನ್ಸಸ್ ಮೇಲೆ ಹೋಗುವಾಗ ಕಿಟಕಿಯಿಂದ ನೋಡಿ, ನೆಲವೆಲ್ಲ ಚೌಕಳಿ ಟವಲ್.

ಅಲಾಸ್ಕಾ, ಹವಾಯಿ ಸೇರಿದ ಮೇಲೂ ಇದೇ ನಡುಬಿಂದುವಾ?

1959ರಲ್ಲಿ ಎರಡೂ ರಾಜ್ಯಗಳಾದವು. ಅಲ್ಲಿಗೆ ಐವತ್ತು ರಾಜ್ಯಗಳ ನಡುಬಿಂದು ದಕ್ಷಿಣ ಡಕೋಟಾದ ಬೆಲ್ ಫೂಷ್ ಊರಿನ ಹತ್ತಿರಕ್ಕೆ ಸರಿಯಿತು. ಲೆಬನಾನ್ ಈಗ ಒಂದಕ್ಕೊಂದು ತಾಗಿಕೊಂಡಿರುವ 48 ರಾಜ್ಯಗಳ ನಡುಬಿಂದು.

ನೆಲದ ನಡುಬಿಂದು ಸರಿ, ಜನರ ನಡುಬಿಂದು ಎಲ್ಲಿ?

ಅದನ್ನೂ ಗಣತಿ ಇಲಾಖೆ ಪ್ರತಿ ಸಲ ಲೆಕ್ಕ ಹಾಕುತ್ತದೆ. ದೇಶದ ನಕ್ಷೆಯ ಮೇಲೆ ಒಬ್ಬೊಬ್ಬ ಮನುಷ್ಯನನ್ನೂ ಒಂದೇ ತೂಕದವನು ಅಂತ ನಿಲ್ಲಿಸಿದರೆ ನಕ್ಷೆ ಎಲ್ಲಿ ಸಮತೋಲದಲ್ಲಿ ನಿಲ್ಲುತ್ತದೆಯೋ ಅದು ಜನಸಂಖ್ಯೆಯ ನಡುಬಿಂದು. 1790ರಲ್ಲಿ ಅದು ಪೂರ್ವ ಕರಾವಳಿಯ ಮೇರಿಲ್ಯಾಂಡ್‌ನಲ್ಲಿತ್ತು. ಜನ ಪಶ್ಚಿಮಕ್ಕೆ ಹೋದ ಹಾಗೆ ಅದೂ ಹಿಂದೆಯೇ ನಡೆಯಿತು. 2010ರಲ್ಲಿ ಮಿಸೌರಿ ರಾಜ್ಯದ ಪ್ಲೇಟೋ ಹಳ್ಳಿಯ ಹತ್ತಿರ, 2020ರಲ್ಲಿ ಅದೇ ರಾಜ್ಯದ ಹಾರ್ಟ್‌ವಿಲ್ ಹತ್ತಿರ.

ಲೆಬನಾನ್‌ಗೂ ಹಾರ್ಟ್‌ವಿಲ್‌ಗೂ ನೇರ ಗೆರೆ ಎಳೆದರೆ ಸುಮಾರು 600 ಕಿಲೋಮೀಟರ್. ನೆಲ ಒಂದು ಕಡೆ ತೂಗುತ್ತದೆ, ಜನ ಇನ್ನೊಂದು ಕಡೆ. 230 ವರ್ಷ ನಡೆದರೂ ಜನರ ಬಿಂದು ನೆಲದ ಬಿಂದುವನ್ನು ಮುಟ್ಟಿಲ್ಲ. ಈಚಿನ ದಶಕಗಳಲ್ಲಿ ಅದು ಪಶ್ಚಿಮದ ಜೊತೆಗೆ ದಕ್ಷಿಣಕ್ಕೂ ವಾಲುತ್ತಿದೆ. ಟೆಕ್ಸಸ್, ಫ್ಲಾರಿಡಾ ಕಡೆ ಜನ ಜಾಸ್ತಿ ಆಗುತ್ತಿದ್ದಾರಲ್ಲ, ಅದಕ್ಕೆ.

ಹವೆ ಹೇಗೆ?

ಎರಡೂ ತುದಿ ಇದೆ. 1905ರ ಫೆಬ್ರುವರಿ 13ರಂದು ಲೆಬನಾನ್‌ನಲ್ಲಿ ದಾಖಲಾದದ್ದು ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಕಾನ್ಸಸ್ ರಾಜ್ಯದಲ್ಲಿ ಇವತ್ತಿಗೂ ಅದಕ್ಕಿಂತ ಕಡಿಮೆ ದಾಖಲಾಗಿಲ್ಲ. (ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಅಂತ ಕೇಳಬೇಡಿ, ಆ ಜಾಗದಲ್ಲಿ ಎರಡೂ ಒಂದೇ.) ಇನ್ನು ರಾಜ್ಯದ ಅತಿ ಹೆಚ್ಚಿನ ಬಿಸಿಲಿನ ದಾಖಲೆ ಆಲ್ಟನ್ ಅನ್ನುವ ಊರಿನ ಹತ್ತಿರದ್ದು: 1936ರ ಜುಲೈ 24, 49 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಆಲ್ಟನ್ ಲೆಬನಾನ್‌ನಿಂದ ಬರೀ 50 ಕಿಲೋಮೀಟರ್. ಎರಡು ದಾಖಲೆಗಳ ನಡುವೆ ಸುಮಾರು 90 ಡಿಗ್ರಿ ಅಂತರ!

ಕಾರಣ ನಕ್ಷೆಯಲ್ಲೇ ಇದೆ. ದೇಶದ ನಟ್ಟನಡುವೆ ಇರುವ ಜಾಗಕ್ಕೆ ಯಾವ ಸಮುದ್ರವೂ ಹತ್ತಿರವಿಲ್ಲ. ಬಿಸಿಯನ್ನೂ ಚಳಿಯನ್ನೂ ತಡೆದು ಹದ ಮಾಡುವ ನೀರು ಇಲ್ಲ. ಉತ್ತರದಿಂದ ಕೆನಡಾದ ಗಾಳಿ ಬಂದರೆ ತಡೆಯಲು ಬೆಟ್ಟವೂ ಇಲ್ಲ. ವರ್ಷಕ್ಕೆ ಮಳೆ ಸುಮಾರು 600 ಮಿಲಿಮೀಟರ್, ಹೆಚ್ಚಿನದು ಬೇಸಿಗೆಯ ತಿಂಗಳುಗಳಲ್ಲಿ. ಇನ್ನೂ ಪಶ್ಚಿಮಕ್ಕೆ ಹೋದಷ್ಟೂ ಮಳೆ ಕಡಿಮೆ.

ಸಮುದ್ರದಿಂದ ಇಷ್ಟು ದೂರ ಇರುವ ಈ ನೆಲ ಡೈನೋಸಾರ್‌ಗಳ ಕಾಲದಲ್ಲಿ ಸಮುದ್ರದ ತಳವಾಗಿತ್ತು. ಕಾನ್ಸಸ್‌ನ ಸುಣ್ಣದ ಬಂಡೆಗಳಲ್ಲಿ ಈಗಲೂ ಮೀನುಗಳ, ದೊಡ್ಡ ದೊಡ್ಡ ಸಮುದ್ರ ಸರೀಸೃಪಗಳ ಪಳೆಯುಳಿಕೆ ಸಿಗುತ್ತವೆ.

ಅಲ್ಲಿ ಏನು ಬೆಳೆಯುತ್ತಾರೆ?

ಗೋಧಿ, ಮೆಕ್ಕೆಜೋಳ, ಸೋಯಾ, ಮತ್ತು ಜೋಳ. ಹೌದು, ನಮ್ಮ ಜೋಳವೇ.

ಅವತ್ತು ಅಪ್ಪ ಕಾರು ನಿಲ್ಲಿಸು ಅಂತ ಹಟ ಹಿಡಿದದ್ದು ಇದಕ್ಕೇ. ರಸ್ತೆಯ ಪಕ್ಕ ಸೊಂಟದೆತ್ತರದ ಬೆಳೆ, ತುದಿಯಲ್ಲಿ ಇಟ್ಟಿಗೆ ಬಣ್ಣದ ತೆನೆ. ಬೇರೆಯವರ ಹೊಲಕ್ಕೆ ಕಾಲಿಡಬಾರದು ಅಂತ ನಾನು ಹೇಳುತ್ತಲೇ ಇದ್ದೆ. ಅವರು ಒಳಗೆ ಹೋಗಲಿಲ್ಲ. ರಸ್ತೆಯ ಅಂಚಿನಲ್ಲಿ ಮುರಿದು ಬಿದ್ದಿದ್ದ ಒಂದು ತೆನೆ ಎತ್ತಿಕೊಂಡು ಅಂಗೈಯಲ್ಲಿ ಉಜ್ಜಿದರು, ಉಫ್ ಅಂತ ಹೊಟ್ಟು ಊದಿದರು. ಉಳಿದ ಹತ್ತು-ಹನ್ನೆರಡು ಕಾಳನ್ನು ನನ್ನ ಮುಖಕ್ಕೆ ಹಿಡಿದು, "ಏ ತಮ್ಮಾ, ಇದು ನಮ್ಮ ಜ್ವಾಳ ಅಲ್ಲೇನೋ?" ಅಂದರು. ಕಾಳು ಕೆಂಪಗಿತ್ತು, ಮಾಲದಂಡಿಯ ಮುತ್ತಿನ ಬಿಳುಪು ಇರಲಿಲ್ಲ. ಒಂದು ಕಾಳು ಬಾಯಿಗೆ ಹಾಕಿಕೊಂಡು ಕಡಿದರು. "ಒಗರು ಐತಿ, ಆದ್ರ ಜ್ವಾಳನ."

ಇಲ್ಲಿ ಇದನ್ನು ಮೈಲೋ ಅಂತ ಕರೆಯುತ್ತಾರೆ. ಅಮೆರಿಕದಲ್ಲಿ ಜೋಳ ಬೆಳೆಯುವುದರಲ್ಲಿ ಕಾನ್ಸಸ್ ಮುಂಚೂಣಿ ರಾಜ್ಯ. ನಮ್ಮಲ್ಲಿ ಆಳೆತ್ತರ ಬೆಳೆಯಬೇಕು, ಯಾಕೆಂದರೆ ಕಾಳಿನಷ್ಟೇ ಕಣಿಕೆಯೂ ಬೇಕು, ದನಕ್ಕೆ ಅದೇ ಮೇವು. ಇಲ್ಲಿಯ ತಳಿಗಳು ಗಿಡ್ಡ. ಕೊಯ್ಲಿನ ಯಂತ್ರಕ್ಕೆ ಅನುಕೂಲವಾಗಲಿ ಅಂತ ಬೇಕಂತಲೇ ಗಿಡ್ಡ ಮಾಡಿದ್ದಾರೆ. ಮಣ್ಣಿನಲ್ಲಿರುವ ಸ್ವಲ್ಪ ನೀರಿನಲ್ಲೇ ಜೋಳ ಬರುತ್ತದೆ ಅನ್ನುವ ಕಾರಣ ಮಾತ್ರ ಎರಡೂ ಕಡೆ ಒಂದೇ. ಈ ಕಾಳು ಹೆಚ್ಚಾಗಿ ದನದ ಮೇವಿಗೆ, ಎಥನಾಲ್‌ಗೆ, ರಫ್ತಿಗೆ ಹೋಗುತ್ತದೆ. ರೊಟ್ಟಿಗೆ ಹೋಗುವುದಿಲ್ಲ ಅಂದಾಗ ಅಪ್ಪನಿಗೆ ನಿಜಕ್ಕೂ ಬೇಜಾರಾಯಿತು.

ಗೋಧಿಯದು ಬೇರೆ ಲೆಕ್ಕ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತುತ್ತಾರೆ, ಚಳಿಗಾಲವಿಡೀ ಬೆಳೆಯದೆ ಮಲಗಿರುತ್ತದೆ, ಜೂನ್-ಜುಲೈನಲ್ಲಿ ಕೊಯ್ಲು. ಇಂಥ ಕೆಂಪು ಗೋಧಿಯ ತಳಿಯನ್ನು 1870ರ ದಶಕದಲ್ಲಿ ಕಾನ್ಸಸ್‌ಗೆ ತಂದವರು ಆಗಿನ ರಷ್ಯಾ ಸಾಮ್ರಾಜ್ಯದ ದಕ್ಷಿಣ ಭಾಗದಿಂದ ವಲಸೆ ಬಂದ, ಮೆನೊನೈಟ್ ಅನ್ನುವ ಕ್ರೈಸ್ತ ಪಂಥದ ರೈತರು.

ದೂರದಿಂದಲೇ ಕಾಣುವ ಆ ಎತ್ತರದ ಬಿಳಿ ಕಟ್ಟಡಗಳು ಏನು?

ಕಾಳಿನ ಉಗ್ರಾಣ. ಇಲ್ಲಿ ಗ್ರೇನ್ ಎಲಿವೇಟರ್ ಅನ್ನುತ್ತಾರೆ. ಲಾರಿಯಲ್ಲಿ ತಂದ ಕಾಳನ್ನು ಯಂತ್ರ ಮೇಲೆತ್ತಿ ಕಾಂಕ್ರೀಟ್ ಕೊಳವೆಗಳಲ್ಲಿ ತುಂಬುತ್ತದೆ. ಈ ಸೀಮೆಯಲ್ಲಿ ಊರು ಬರುವ ಮೊದಲು ಅದೇ ಕಾಣುತ್ತದೆ. ಅಪ್ಪ ಹೇಳಿದ್ದು ಹೀಗೆ: "ನಮ್ಮ ಹಗೇವು ನೆಲದಾಗ ಇರ್ತಾವ, ಇವರು ಮುಗಿಲಿಗೆ ಕಟ್ಟ್ಯಾರ."

ಇಷ್ಟು ಒಳ್ಳೆಯ ನೆಲ ಇದ್ದರೂ ಜನ ಯಾಕೆ ಕಡಿಮೆ ಆದರು?

ಎಲ್ಲರೂ ಕೇಳುವ ಪ್ರಶ್ನೆ ಇದು. "ಬರಗಾಲ ಬಿತ್ತಾ? ಬೆಳೆ ಹೋಯ್ತಾ?" ಅಂತ. ಬರ ಬಂದದ್ದುಂಟು, ಆದರೆ ಬೆಳೆ ಈಗಲೂ ಬರುತ್ತದೆ. ಅದನ್ನು ತೆಗೆಯಲು ಮೊದಲಿನಷ್ಟು ಕೈಗಳು ಬೇಡವಾದವು.

ಮೊದಲಿನಿಂದ ಹೇಳುತ್ತೇನೆ. 1862ರಲ್ಲಿ ಹೋಮ್‌ಸ್ಟೆಡ್ ಕಾಯ್ದೆ ಬಂತು. ಐದು ವರ್ಷ ಅಲ್ಲೇ ಮನೆ ಮಾಡಿಕೊಂಡು ಉತ್ತು ಬೆಳೆದರೆ 160 ಎಕರೆ ನಿಮ್ಮದು. ಮೇಲೆ ಹೇಳಿದ ಸೆಕ್ಷನ್ ನೆನಪಿದೆಯಲ್ಲ? 640 ಎಕರೆಯ ಕಾಲು ಭಾಗವೇ ಈ 160. ಹಾಗಾಗಿ ಪ್ರತಿ ಚದರ ಮೈಲಿಗೆ ನಾಲ್ಕು ಕುಟುಂಬ ಬರಬಹುದಿತ್ತು. ಬಂದವು ಕೂಡ. ಮರ ಇರಲಿಲ್ಲ, ಹಾಗಾಗಿ ಹುಲ್ಲಿನ ಬೇರಿನ ಸಮೇತ ಮಣ್ಣಿನ ಹೆಂಟೆ ಕಿತ್ತು ಗೋಡೆ ಕಟ್ಟಿಕೊಂಡರು. 1874ರಲ್ಲಿ ಮಿಡತೆಯ ದಂಡು ಬಂದು ಕಾನ್ಸಸ್‌ನ ಹಸಿರನ್ನೆಲ್ಲ ತಿಂದು ಹೋಯಿತು. ಎಷ್ಟೋ ಜನ ವಾಪಸ್ ಹೋದರು, ಆದರೂ ಹೊಸಬರು ಬರುತ್ತಲೇ ಇದ್ದರು. ಆ ಕಾಲದ ಕುಟುಂಬಗಳು ದೊಡ್ಡವು. ಅವರ ವ್ಯಾಪಾರಕ್ಕೆ, ಶಾಲೆಗೆ, ಚರ್ಚಿಗೆ ಅಂತ ಹತ್ತಿಪ್ಪತ್ತು ಕಿಲೋಮೀಟರ್‌ಗೊಂದು ಊರು ಎದ್ದಿತು. ಕುದುರೆ ಗಾಡಿಯಲ್ಲಿ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರಬೇಕಲ್ಲ, ಆ ಅಳತೆಯಲ್ಲಿ ಎದ್ದ ಊರುಗಳಲ್ಲಿ ಲೆಬನಾನ್ ಒಂದು.

ಆದರೆ ಇಷ್ಟು ಕಡಿಮೆ ಮಳೆಯ ನೆಲದಲ್ಲಿ 160 ಎಕರೆ ಒಂದು ಕುಟುಂಬಕ್ಕೆ ಸಾಲದು. ಮಳೆ ತಪ್ಪಿದ ವರ್ಷ ಒಬ್ಬರು ಮಾರಿದರು, ಪಕ್ಕದವರು ಕೊಂಡರು. 1930ರ ದಶಕದ ಬರ ಇನ್ನಷ್ಟು ಜನರನ್ನು ಎಬ್ಬಿಸಿತು. ಟ್ರ್ಯಾಕ್ಟರ್ ಬಂತು, ಕೊಯ್ಲಿನ ಯಂತ್ರ ಬಂತು. ಅದರ ಸಾಲ ತೀರಿಸಲು ಇನ್ನೂ ನೆಲ ಬೇಕಾಯಿತು. 2017ರ ಕೃಷಿ ಗಣತಿಯ ಹೊತ್ತಿಗೆ ಕಾನ್ಸಸ್‌ನಲ್ಲಿ ಒಂದು ಹಿಡುವಳಿಯ ಸರಾಸರಿ 781 ಎಕರೆ. ಹಳೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಐದು ಕುಟುಂಬಗಳ ನೆಲ.

ಒಂದು ಕುಟುಂಬ ಹೋದರೆ ಬರೀ ಐದಾರು ಜನ ಹೋದ ಹಾಗಲ್ಲ. ಶಾಲೆಗೆ ಮೂರು ಮಕ್ಕಳು ಕಡಿಮೆ, ಕಿರಾಣಿ ಅಂಗಡಿಗೆ ಒಂದು ಖಾತೆ ಕಡಿಮೆ. ಅಂಗಡಿ ಮುಚ್ಚಿದರೆ ಅಂಗಡಿಯವನ ಮನೆಯೂ ಹೊರಡುತ್ತದೆ. ಅಷ್ಟು ಹೊತ್ತಿಗೆ ಕಾರು, ಒಳ್ಳೆಯ ರಸ್ತೆ ಬಂದಿದ್ದರಿಂದ ಉಳಿದವರು ಸಾಮಾನಿಗೆ ದೊಡ್ಡ ಊರಿಗೇ ಹೋದರು. ಓದಲು ಹೊರಗೆ ಹೋದ ಮಕ್ಕಳು ಅಲ್ಲೇ ಕೆಲಸ ಹಿಡಿದರು. ಇದನ್ನು ಕೇಳುತ್ತಾ ಅಪ್ಪ ಸುಮ್ಮನಾದರು. ನಾನೂ ಮುಂದೆ ಹೇಳಲಿಲ್ಲ. ನಾನು ವಿಚಿಟಾದಲ್ಲಿರುವುದೂ ಅದೇ ಕಥೆ ಅಲ್ವಾ.

ರೈಲು ಬರುತ್ತಿತ್ತಾ?

ಬರುತ್ತಿತ್ತು. 1880ರ ದಶಕದ ಕೊನೆಯ ಭಾಗದಲ್ಲಿ ರಾಕ್ ಐಲ್ಯಾಂಡ್ ಕಂಪನಿಯ ಹಳಿ ಈ ಕಡೆ ಬಂದಾಗ ಲೆಬನಾನ್ ಊರೇ ಹಳೆಯ ಜಾಗ ಬಿಟ್ಟು ಹಳಿಯ ಪಕ್ಕಕ್ಕೆ ಬಂದು ಕೂತಿತು. ಆಗ ಹಳಿ ತಪ್ಪಿದ ಊರಿಗೆ ಉಳಿಗಾಲ ಇರಲಿಲ್ಲ. ರಾಕ್ ಐಲ್ಯಾಂಡ್ ಕಂಪನಿ 1980ರಲ್ಲಿ ಬಾಗಿಲು ಹಾಕಿತು. ಈಗ ಉತ್ತರ ಕಾನ್ಸಸ್‌ನ ಈ ಭಾಗದಲ್ಲಿ ಕೈಲ್ ರೈಲ್‌ರೋಡ್ ಅನ್ನುವ ಚಿಕ್ಕ ಕಂಪನಿ ಕಾಳು ಸಾಗಿಸುತ್ತದೆ. ಪ್ರಯಾಣಿಕರ ರೈಲು ಇಲ್ಲ.

ಮಕ್ಕಳು ಶಾಲೆಗೆ ಎಲ್ಲಿ ಹೋಗುತ್ತಾರೆ?

ಸ್ಮಿತ್ ಸೆಂಟರ್‌ಗೆ. ಚಿಕ್ಕ ಚಿಕ್ಕ ಶಾಲೆಗಳನ್ನು ಕೂಡಿಸುವ ಕಾನೂನನ್ನು ಕಾನ್ಸಸ್ 1963ರಲ್ಲಿ ತಂದಿತು. ಶಾಲೆ ಹೋದ ಮೇಲೆ ಊರಿನಲ್ಲಿ ಸಂಜೆ ಹೊತ್ತು ಎಲ್ಲರೂ ಸೇರಲು ನೆಪವೇ ಇರುವುದಿಲ್ಲ. ಇಲ್ಲಿ ಶುಕ್ರವಾರ ರಾತ್ರಿಯ ಫುಟ್‌ಬಾಲ್ ಅಂದರೆ ನಮ್ಮ ಊರಿನ ಜಾತ್ರೆ ಇದ್ದ ಹಾಗೆ. ಸ್ಮಿತ್ ಸೆಂಟರ್ ಹೈಸ್ಕೂಲಿನ ಹುಡುಗರು 2004ರಿಂದ 2009ರ ತನಕ ಸತತ 79 ಪಂದ್ಯ ಗೆದ್ದಿದ್ದರು. ಅಷ್ಟು ಕಡಿಮೆ ಜನರ ಕೌಂಟಿಯಿಂದ!

ಬಿಳಿಯರು ಬರುವ ಮೊದಲು ಅಲ್ಲಿ ಯಾರಿದ್ದರು?

ಪಾನೀ ಜನ ಉತ್ತರದ ನದಿ ದಂಡೆಗಳಲ್ಲಿ ಮಣ್ಣಿನ ದುಂಡು ಮನೆಗಳಲ್ಲಿ ಇದ್ದು ಮೆಕ್ಕೆಜೋಳ ಬೆಳೆಯುತ್ತಿದ್ದರು, ವರ್ಷಕ್ಕೆರಡು ಸಲ ಈ ಬಯಲಿಗೆ ಬೈಸನ್ ಬೇಟೆಗೆ ಬರುತ್ತಿದ್ದರು. ಬೇರೆ ಬುಡಕಟ್ಟುಗಳೂ ಬರುತ್ತಿದ್ದವು. 1870ರ ದಶಕದಲ್ಲಿ ಬೈಸನ್ ಮಂದೆಗಳನ್ನು ಚರ್ಮಕ್ಕಾಗಿ ಕೊಂದು ಮುಗಿಸಿದರು. ಪಾನೀ ಜನರನ್ನು ಈಗಿನ ಓಕ್ಲಹೋಮಾಕ್ಕೆ ಕಳಿಸಿದರು. ಜನಸಂಖ್ಯೆ ಇಳಿಯಿತು ಅನ್ನುವ ಮಾತು ಬಂದಾಗ ನಾವು 1900ರಿಂದ ಎಣಿಸುತ್ತೇವೆ. ಅದಕ್ಕೂ ಮೊದಲು ಇಲ್ಲಿಂದ ಎಬ್ಬಿಸಿದವರನ್ನು ಆ ಲೆಕ್ಕಕ್ಕೆ ಹಿಡಿದೇ ಇಲ್ಲ.

ಇಂಟರ್ನೆಟ್ ವಿಳಾಸಗಳು ಕಾನ್ಸಸ್‌ನ ಒಂದು ತೋಟದ ಮನೆಯನ್ನು ತೋರಿಸುತ್ತಿದ್ದವಂತೆ, ಅದು ಲೆಬನಾನಾ?

ಅಲ್ಲ, ಆದರೆ ಕಾರಣ ಲೆಬನಾನ್‌ನದೇ ಬಿಂದು. ಒಂದು ಕಂಪ್ಯೂಟರ್ ಯಾವ ಊರಿನಲ್ಲಿದೆ ಅಂತ ಅದರ ಐಪಿ ವಿಳಾಸದಿಂದ ಹೇಳುವ ಕಂಪನಿಯೊಂದಿದೆ. ಊರು ಗೊತ್ತಾಗದೆ "ಅಮೆರಿಕ" ಅಂತಷ್ಟೇ ಗೊತ್ತಾದಾಗ ದೇಶದ ನಡುಬಿಂದುವನ್ನು ತೋರಿಸೋಣ ಅಂತ ಅವರು ತೀರ್ಮಾನಿಸಿದರು. 39 ಡಿಗ್ರಿ 50 ನಿಮಿಷ ಅನ್ನುವುದು ಉದ್ದವಾಯಿತು ಅಂತ ಸುಮ್ನೆ 38 ಡಿಗ್ರಿ ಉತ್ತರ, 97 ಡಿಗ್ರಿ ಪಶ್ಚಿಮ ಅಂತ ಸರಳ ಮಾಡಿಕೊಂಡರು. ಆ ಬಿಂದು ಬಿದ್ದದ್ದು ಲೆಬನಾನ್‌ನಿಂದ ಸುಮಾರು 245 ಕಿಲೋಮೀಟರ್ ದೂರದ ಪಾಟ್ವಿನ್ ಊರಿನ ಹತ್ತಿರ, ಒಂದು ಒಕ್ಕಲು ಮನೆಯ ಅಂಗಳದಲ್ಲಿ.

ಆಮೇಲೆ ನೋಡಿ. 60 ಕೋಟಿಗೂ ಹೆಚ್ಚು ವಿಳಾಸಗಳಿಗೆ ಆ ಮನೆಯೇ ಗುರುತು. ಎಲ್ಲೋ ವಂಚನೆ ನಡೆದರೆ ಪೊಲೀಸರು ಇಲ್ಲಿಗೆ ಬರುತ್ತಿದ್ದರು. ಕಳೆದುಹೋದವರನ್ನು ಹುಡುಕಿಕೊಂಡು ಜನ ಬರುತ್ತಿದ್ದರು. ಮನೆಯಲ್ಲಿದ್ದವರಿಗೆ ವರ್ಷಗಟ್ಟಲೆ ಕಾರಣವೇ ತಿಳಿದಿರಲಿಲ್ಲ. 2016ರಲ್ಲಿ ಪತ್ರಿಕೆಯಲ್ಲಿ ವಿಷಯ ಬಂದ ಮೇಲೆ ಕಂಪನಿಯವರು ಆ ಬಿಂದುವನ್ನು ವಿಚಿಟಾದ ಪಶ್ಚಿಮಕ್ಕಿರುವ ಒಂದು ಜಲಾಶಯದ ನಡುವೆ ಇಟ್ಟರು.

ಊರಿಗೆ ಜನರನ್ನು ವಾಪಸ್ ತರಲು ಏನಾದರೂ ಪ್ರಯತ್ನ ನಡೆದಿದೆಯಾ?

ನಡೆದಿದೆ. ಕಾನ್ಸಸ್ ಸರ್ಕಾರ 2011ರಲ್ಲಿ ಜನ ಕಡಿಮೆಯಾಗುತ್ತಿದ್ದ 50 ಕೌಂಟಿಗಳಿಗೆ ಒಂದು ಯೋಜನೆ ತಂದಿತು. ಹೊರಗಿನಿಂದ ಬಂದು ನೆಲೆಸಿದವರಿಗೆ ಕೆಲವು ವರ್ಷ ರಾಜ್ಯದ ಆದಾಯ ತೆರಿಗೆ ಮಾಫಿ, ಓದಿನ ಸಾಲ ತೀರಿಸಲು ಸಹಾಯ. ತೆರಿಗೆ ಉಳಿಯುತ್ತದೆ ಅಂತಷ್ಟೇ ಯಾರೂ ಊರು ಬದಲಿಸುವುದಿಲ್ಲ ಅಂತ ನನಗನಿಸುತ್ತದೆ. ಡಾಕ್ಟರು, ಶಾಲೆ, ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಇವು ಹತ್ತಿರ ಇರಬೇಕು. ಆದರೂ ಮನೆ ಬೆಲೆ ಕಡಿಮೆ, ಈಗ ಮನೆಯಿಂದಲೇ ಕೆಲಸ ಮಾಡಬಹುದು. ಬರುವವರು ಒಬ್ಬಿಬ್ಬರಾದರೂ ಇಷ್ಟು ಚಿಕ್ಕ ಊರಿನಲ್ಲಿ ಅದು ಲೆಕ್ಕಕ್ಕೆ ಸಿಗುತ್ತದೆ.

ಗೂಗಲ್‌ನಲ್ಲಿ ಹುಡುಕಿದರೆ ಬೇರೆ ಬೇರೆ ಲೆಬನಾನ್ ಬರುತ್ತವಲ್ಲ?

ಬೈಬಲ್‌ನಲ್ಲಿ ಬರುವ ಹೆಸರು, ಅದಕ್ಕೇ ಅಮೆರಿಕದ ತುಂಬ ಇದೆ. ಟೆನೆಸಿ, ಪೆನ್ಸಿಲ್ವೇನಿಯ, ಓಹಾಯೋ, ಮಿಸೌರಿಗಳಲ್ಲಿರುವ ಲೆಬನಾನ್‌ಗಳು ಇದಕ್ಕಿಂತ ಎಷ್ಟೋ ದೊಡ್ಡವು. ರಾಜ್ಯದ ಹೆಸರು ಸೇರಿಸಿ ಹುಡುಕಿ.

ನೋಡಲು ಹೋಗಬೇಕು ಅಂದರೆ ಹೇಗೆ?

ಕಾರು ಬೇಕೇ ಬೇಕು. ವಿಚಿಟಾದಿಂದ ಮೂರು ತಾಸಿನ ಮೇಲೆ, ಕಾನ್ಸಸ್ ಸಿಟಿಯಿಂದ ನಾಲ್ಕು ತಾಸು. ರೈಲಿನಲ್ಲಿ ಬರುವವರಿಗೆ ಹತ್ತಿರದ ನಿಲ್ದಾಣ ನೆಬ್ರಾಸ್ಕಾದ ಹೇಸ್ಟಿಂಗ್ಸ್. ಅಲ್ಲಿಂದ ಹೆದ್ದಾರಿ 281 ಹಿಡಿದು ದಕ್ಷಿಣಕ್ಕೆ ಬಂದರೆ ಆಯಿತು. ಪೆಟ್ರೋಲು, ಊಟ ಎರಡನ್ನೂ ದೊಡ್ಡ ಊರಿನಲ್ಲೇ ಮುಗಿಸಿಕೊಳ್ಳಿ. ಚಳಿಗಾಲದಲ್ಲಾದರೆ ಹವೆ ನೋಡಿ ಹೊರಡಿ, ಕಾರಿನಲ್ಲಿ ಕಂಬಳಿ ಇರಲಿ. ಅಸಲಿ ಬಿಂದು ನೋಡುತ್ತೇನೆ ಅಂತ ಯಾರ ಹೊಲಕ್ಕೂ ನುಗ್ಗಬೇಡಿ.

ಲೆಬನಾನ್ ದಾಟಿ ಉತ್ತರಕ್ಕೆ ಸುಮಾರು ಒಂದು ಮೈಲಿ ಹೋದರೆ ಎಡಕ್ಕೆ ಕೆ-191 ಅನ್ನುವ ರಾಜ್ಯ ಹೆದ್ದಾರಿ ಸಿಗುತ್ತದೆ. ಹೆಸರಿಗೆ ಹೆದ್ದಾರಿ, ಉದ್ದ ಒಂದೇ ಮೈಲಿ. ಈ ಕಲ್ಲಿಗೆ ಬರುವವರಿಗೆ ಅಂತಲೇ ಮಾಡಿದ್ದು. ನಾವು ಹೋದಾಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ಗಾಳಿಗೆ ಧ್ವಜದ ಹಗ್ಗ ಕಂಬಕ್ಕೆ ಬಡಿಯುವ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಅಪ್ಪ ಕಟ್ಟೆಯ ಮೇಲೆ ಕೂತು ಫೋಟೋ ತೆಗೆಸಿಕೊಂಡರು, ಆ ಜೋಳದ ಕಾಳು ಇನ್ನೂ ಅವರ ಮುಷ್ಟಿಯಲ್ಲೇ ಇದ್ದವು.